ಪಾಪ್-ಅಪ್ ಕ್ಯಾಂಪರ್‌ಗೆ ಆನಿಂಗ್: ಚಾವಣಿಯಿಂದ ಶುರು ಮಾಡಿ

ಕ್ಯಾಂಪರ್‌ಗೆ (ಒಳಗೇ ಮಲಗಿ ಪ್ರವಾಸ ಮಾಡುವ ಗಾಡಿ) ಆನಿಂಗ್, ಅಂದರೆ ಪಕ್ಕಕ್ಕೆ ಚಾಚುವ ನೆರಳಿನ ಬಟ್ಟೆ, ಕಟ್ಟಬೇಕು ಅಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ನೆರಳಿನ ಮೇಲೆ. ಎಷ್ಟು ಉದ್ದ, ಎಷ್ಟು ಮುಂದಕ್ಕೆ ಬರುತ್ತದೆ, ಎಷ್ಟು ಕುರ್ಚಿ ಹಿಡಿಸುತ್ತದೆ. ನಾನು ಆ ಲೆಕ್ಕವನ್ನೆಲ್ಲ ಕೊನೆಗಿಟ್ಟು ಚಾವಣಿಯಿಂದ ಶುರು ಮಾಡಿದೆ. ಗಟ್ಟಿ ಗೋಡೆಯ ಕ್ಯಾರವಾನ್ ಆಗಿದ್ದರೆ ಆನಿಂಗ್‌ಗೆ ಆಸರೆಯಾಗಿ ಪೂರ್ತಿ ಗೋಡೆ ಇರುತ್ತದೆ. ಚಾವಣಿಯನ್ನು ಎತ್ತಿ ಇಳಿಸುವ ಪಾಪ್-ಅಪ್‌ನಲ್ಲಿ ಹಾಗಲ್ಲ. ಕೆಳಗೆ ಪೆಟ್ಟಿಗೆ, ನಡುವೆ ಕ್ಯಾನ್ವಾಸ್, ಮೇಲೆ ನಾಲ್ಕು ಮೂಲೆಯ ಕಂಬಗಳ ಮೇಲೆ ನಿಂತ ಚಾವಣಿ. ಆನಿಂಗ್ ಹಿಡಿದುಕೊಳ್ಳುವುದು ಆ ಚಾವಣಿಯ ಅಂಚನ್ನು. ಇಡೀ ಗಾಡಿಯಲ್ಲಿ ತೀರಾ ಹಗುರವಾಗಿ ಕಟ್ಟಿರುವ ಭಾಗ ಅದೇ.

ನನ್ನ ಕ್ಯಾಂಪರ್‌ನಲ್ಲಿ ಒಂದೇ ವಿಂಚ್ ಇದೆ. ಹಿಡಿ ತಿರುಗಿಸಿದರೆ ತಂತಿಹಗ್ಗ ಎಳೆದು ನಾಲ್ಕೂ ಕಂಬಗಳನ್ನು ಒಟ್ಟಿಗೆ ಮೇಲೆತ್ತುತ್ತದೆ. ಬಾಗಿಲ ಕಡೆಗೆ ಮಾತ್ರ ಜಾಸ್ತಿ ತೂಕ ಹಾಕಿದರೆ ಆ ಕಡೆಯ ಎರಡು ಕಂಬಗಳಿಗೆ ಹೆಚ್ಚು ಕೆಲಸ. ಚಾವಣಿ ಮೇಲೆ ಸೈಕಲ್ ಹೊತ್ತುಕೊಂಡು ಹೋಗುವವರಿಗೂ ಒಂದು ಎಚ್ಚರಿಕೆ ಇರುತ್ತದೆ: ಎತ್ತುವ ಮುಂಚೆ ಇಳಿಸಿ ಅಂತ. ಚಾವಣಿ ಕೂತಾಗ ಹೊರುವ ತೂಕ ಬೇರೆ, ಎತ್ತುವಾಗ ಹೊರುವ ತೂಕ ಬೇರೆ. ಆನಿಂಗ್ ಯಾವಾಗಲೂ ಅಲ್ಲೇ ಇರುತ್ತದೆ, ಅಂದರೆ ಅದು ಎರಡನೆಯ ಲೆಕ್ಕಕ್ಕೆ ಸೇರಿತು. ಹಾಗಾಗಿ ಹುಡುಕಲು ಕೂತಾಗ ನಾನು ಮೊದಲು ಓದಿದ್ದು ತೂಕದ ಅಂಕಿಯನ್ನು. ಬಣ್ಣ, ಅಳತೆ ಎಲ್ಲ ಆಮೇಲೆ.

ನನ್ನ ಮುಂದೆ ಮೂರು ದಾರಿ ಇದ್ದವು. ಮೊದಲನೆಯದು ಅಲ್ಯುಮಿನಿಯಂ ಡಬ್ಬಿಯೊಳಗೆ ಸುತ್ತಿಕೊಳ್ಳುವ ಕ್ಯಾಸೆಟ್ ಆನಿಂಗ್. ಫಿಯಾಮಾ ಕಂಪನಿಯ ಎಫ್45 ಈ ಜಾತಿಯದು. ಹಿಡಿ ತಿರುಗಿಸಿದರೆ ಹೊರಗೆ ಬರುತ್ತದೆ, ನೋಡಲೂ ಚೆಂದ. ಆದರೆ ಅದು ಬಯಸುವುದು ಗಟ್ಟಿಯಾದ, ನೆಟ್ಟಗಿನ ಒಂದು ಗೋಡೆ. ಪಾಪ್-ಅಪ್ ಚಾವಣಿಗೆ ಇರುವುದು ಗೇಣೆತ್ತರದ ಅಂಚು. ಅದೇ ಉದ್ದದ ಚೀಲದ ಆನಿಂಗ್‌ಗೆ ಹೋಲಿಸಿದರೆ ತೂಕವೂ ಸುಮಾರು ಎರಡು ಪಟ್ಟು. ಅದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು ಬರೀ ಬಟ್ಟೆ. ಒಂದು ಅಂಚಿನಲ್ಲಿ ಹುರಿ ಹೊಲಿದಿರುತ್ತದೆ. ಆ ಹುರಿಯನ್ನು ಚಾವಣಿ ಅಂಚಿನ ರೈಲ್‌ನೊಳಗೆ (ಉದ್ದಕ್ಕೂ ಸೀಳಿರುವ ಕೊಳವೆಯಂಥ ಪಟ್ಟಿ) ತೂರಿಸಿ ಎಳೆಯಬೇಕು, ಮುಂದೆ ಎರಡು ಕಂಬ ನಿಲ್ಲಿಸಬೇಕು, ಹಗ್ಗ ಬಿಗಿಯಬೇಕು. ತೂಕ ಬಹಳ ಕಡಿಮೆ, ಕೆಲಸ ಮುಗಿದ ಮೇಲೆ ಪೂರ್ತಿ ಬಿಚ್ಚಿ ಒಳಗಿಡಬಹುದು. ಹಳೆಯ ಚಾವಣಿ, ಸೋತ ವಿಂಚ್ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಂದು ಉಪಾಯವೂ ಇದೆ. ಬಟ್ಟೆಯನ್ನು ಚಾವಣಿ ಎತ್ತುವ ಮುಂಚೆಯೇ ತೂರಿಸಿ. ಆಗ ರೈಲ್ ಎದೆಮಟ್ಟಕ್ಕೆ ಇರುತ್ತದೆ. ಎತ್ತಿದ ಮೇಲಾದರೆ ಸ್ಟೂಲ್ ಹತ್ತಬೇಕು.

ನಾನು ಆರಿಸಿದ್ದು ಮೂರನೆಯದನ್ನು, ಚೀಲದ ಆನಿಂಗ್. ಇದರಲ್ಲೂ ಹುರಿ ರೈಲ್‌ನೊಳಗೇ ಕೂರುತ್ತದೆ. ಆದರೆ ಬಟ್ಟೆ, ತೋಳುಗಳು, ಕಂಬಗಳು ಎಲ್ಲವೂ ಒಂದು ಉದ್ದನೆಯ ಜಿಪ್ ಚೀಲದೊಳಗೆ ಚಾವಣಿ ಅಂಚಿಗೇ ನೇತುಕೊಂಡಿರುತ್ತವೆ. ಫಿಯಾಮಾದ ಕ್ಯಾರವಾನ್‌ಸ್ಟೋರ್ ಇಂಥದ್ದೇ. ಜಿಪ್ ತೆಗೆದು, ಬಟ್ಟೆ ಬಿಡಿಸಿ, ತೋಳು ಚಾಚಿ, ಕಂಬ ಇಳಿಸಿದರೆ ಆಯಿತು. ದಾರಿಯಲ್ಲಿ ಅರ್ಧ ಗಂಟೆ ನಿಂತಾಗಲೂ ಬಿಚ್ಚಬೇಕು ಅನ್ನಿಸುವಷ್ಟು ಸುಲಭ. ನನಗೆ ಅದು ಮುಖ್ಯವಾಗಿತ್ತು, ಯಾಕೆಂದರೆ ಬಿಚ್ಚಲು ಬೇಜಾರಾಗುವ ಆನಿಂಗ್ ಚೀಲದಲ್ಲೇ ಉಳಿದುಬಿಡುತ್ತದೆ.

ಉದ್ದ ಅಳೆಯುವಾಗ ಚಾವಣಿಯ ತುದಿಯಿಂದ ತುದಿಗೆ ಟೇಪ್ ಹಿಡಿಯಬಾರದು. ಮೂಲೆಗಳಲ್ಲಿ ಚಾವಣಿ ಬಾಗುತ್ತದೆ, ಅಲ್ಲಿ ಚೀಲ ಕೂರುವುದಿಲ್ಲ. ಬೇಕಾದ್ದು ರೈಲ್‌ನ ನೇರ ಭಾಗದ ಉದ್ದ ಮಾತ್ರ. ಅದಕ್ಕಿಂತ ಒಂದು ಗೇಣು ಕಡಿಮೆಯದನ್ನೇ ತಗೊಳ್ಳಿ. ಆಮೇಲೆ ಚಾವಣಿ ಇಳಿಸಿಟ್ಟು, ಚೀಲ ಬರುವ ಜಾಗಕ್ಕೆ ಅದೇ ದಪ್ಪದ ಬೆಡ್‌ಶೀಟ್ ಸುರುಳಿ ಕಟ್ಟಿ ನೋಡಿದೆ. ಚಾವಣಿಯನ್ನು ಪೆಟ್ಟಿಗೆಗೆ ಹಿಡಿದಿಡುವ ಲಾಚ್‌ಗಳಿಗೆ ಕೈ ಹೋಗುತ್ತದಾ? ಪಕ್ಕದ ರಿಫ್ಲೆಕ್ಟರ್ ಮುಚ್ಚಿಹೋಗುತ್ತದಾ? ಚಾವಣಿ ಎತ್ತಿದಾಗ ಬಾಗಿಲಿನ ಮೇಲ್ಭಾಗ ಚೀಲಕ್ಕೆ ತಾಗುತ್ತದಾ? ನನ್ನ ಗಾಡಿಯಲ್ಲಿ ಹೊರಗಡೆ ಸ್ಟವ್ ಇಡುವ ಹಲಗೆಯೂ ಬಾಗಿಲ ಕಡೆಗೇ ಇದೆ. ಸ್ಟವ್ ನೇರವಾಗಿ ಬಟ್ಟೆಯ ಕೆಳಗೆ ಬಾರದ ಹಾಗೆ ಆನಿಂಗನ್ನು ಇನ್ನೊಂದು ತುದಿಗೆ ಸರಿಸಿದೆ. ಬೆಂಕಿಯ ವಿಷಯದಲ್ಲಿ ರಾಜಿ ಬೇಡ. ಬೆಡ್‌ಶೀಟ್ ಕಟ್ಟಿ ನೋಡಲು ದುಡ್ಡು ಬೇಕಿಲ್ಲ, ಆದರೆ ಎಷ್ಟೊಂದು ಪ್ರಶ್ನೆಗೆ ಉತ್ತರ ಸಿಗುತ್ತದೆ.

ಬಟ್ಟೆಯಲ್ಲಿ ಎರಡು ಬಗೆ. ಅಕ್ರಿಲಿಕ್ ನೇಯ್ಗೆ ಗಾಳಿಯಾಡುತ್ತದೆ, ಬೇಗ ಒಣಗುತ್ತದೆ, ನೂಲಿಗೇ ಬಣ್ಣ ಸೇರಿರುವುದರಿಂದ ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. 1961ರಲ್ಲಿ ಬಂದ ಸನ್‌ಬ್ರೆಲ್ಲಾ ಬ್ರ್ಯಾಂಡ್‌ನ ಬಟ್ಟೆ ಈ ಬಗೆಯದು. ನೀರು ಮೇಲಿಂದ ಜಾರಿಹೋಗುತ್ತದೆ ನಿಜ, ಆದರೆ ಹೊತ್ತುಗಟ್ಟಲೆ ನಿಂತರೆ ಒಳಗೆ ಜಿನುಗಬಹುದು. ವಿನೈಲ್ ಲೇಪದ ಪಾಲಿಯೆಸ್ಟರ್ ನೀರನ್ನು ಬಿಡುವುದೇ ಇಲ್ಲ, ಒರೆಸಿದರೆ ಕೊಳೆ ಹೋಗುತ್ತದೆ. ಒದ್ದೆ ಇದ್ದಾಗಲೇ ಸುತ್ತಿಟ್ಟರೆ ಮಾತ್ರ ಬೂಷ್ಟು ಹಿಡಿಯುತ್ತದೆ. ನಾನು ವಿನೈಲ್ ತಗೊಂಡೆ. ಮಳೆಯಲ್ಲೂ ಹೊರಗೆ ಕೂರುವ ಆಸೆ ನನ್ನದು.

ಇನ್ನು ಮಳೆ ಮತ್ತು ಗಾಳಿಯ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಎಲ್ಲ ತೀರ್ಮಾನಗಳೂ ಇದರ ಮೇಲೆ ನಿಂತಿವೆ. ನನ್ನ ಆನಿಂಗ್ 2.6 ಮೀಟರ್ ಉದ್ದ, 2.3 ಮೀಟರ್ ಮುಂದಕ್ಕೆ. ಹೆಚ್ಚುಕಡಿಮೆ 6 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು, ಅಂದರೆ 1 ಕೆಜಿ. ಹಾಗಾದರೆ 5 ಮಿಲಿಮೀಟರ್ ಮಳೆಗೆ 30 ಕೆಜಿ. ಬಟ್ಟೆ ಜೋತುಬಿದ್ದು ನೀರು ನಿಂತರೆ ಅದರಲ್ಲಿ ಸುಮಾರು ಅರ್ಧ ಮುಂದಿನ ಕಂಬಗಳಿಗೆ, ಇನ್ನರ್ಧ ಚಾವಣಿಯ ಅಂಚಿಗೆ. ಗಾಳಿ ಇನ್ನೂ ಜೋರು. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರ್‌ಗೆ ಸುಮಾರು 6 ಕೆಜಿ ತೂಕಕ್ಕೆ ಸಮ. ನನ್ನ ಬಟ್ಟೆಯನ್ನು ಅದು ಪೂರ್ತಿಯಾಗಿ ಎತ್ತಿ ಹಿಡಿದರೆ 37 ಕೆಜಿ ಮೇಲಕ್ಕೆ ಎಳೆದ ಹಾಗೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, ಅಂದರೆ 150 ಕೆಜಿ ಹತ್ತಿರ. ಅಷ್ಟು ಎಳೆತವನ್ನು ತಡೆಯಬೇಕಾದ್ದು ತೆಳು ಮರದ ಪಟ್ಟಿಗೆ ಕಚ್ಚಿಕೊಂಡ ಒಂದಿಷ್ಟು ಸ್ಕ್ರೂಗಳು. ಇದನ್ನು ಕಾಗದದ ಮೇಲೆ ಬರೆದು ನೋಡಿದ ಮೇಲೆ 3.5 ಮೀಟರ್‌ನ ಆನಿಂಗ್ ಬೇಕು ಅನ್ನುವ ಆಸೆ ತಾನಾಗಿ ಹೋಯಿತು.

ಅಳವಡಿಸುವ ಕೆಲಸದಲ್ಲಿ ಆನಿಂಗ್ ಏರಿಸುವುದು ಸಣ್ಣ ಭಾಗ. ದೊಡ್ಡ ಭಾಗ ರೈಲ್. ಗಾಡಿಯಲ್ಲಿ ಮೊದಲೇ ರೈಲ್ ಇತ್ತು, ಆದರೆ ಅದರ ಸ್ಕ್ರೂಗಳ ತಲೆಯಿಂದ ತುಕ್ಕಿನ ಗೆರೆ ಇಳಿದಿತ್ತು. ಅದನ್ನು ನಂಬುವ ಹಾಗಿರಲಿಲ್ಲ. ಪೂರ್ತಿ ಬಿಚ್ಚಿದೆ. ನನ್ನ ಚಾವಣಿಯ ಒಳಗೆ ಫೋಮ್, ಮೇಲೆ ಅಲ್ಯುಮಿನಿಯಂ ಹಾಳೆ, ಸುತ್ತ ಅಂಚಿಗೆ ಮರದ ಪಟ್ಟಿ. ಸ್ಕ್ರೂ ಹಿಡಿಯುವುದು ಆ ಮರವನ್ನು ಮಾತ್ರ. ಹಾಳೆಗೋ ಫೋಮ್‌ಗೋ ಹಾಕಿದ ಸ್ಕ್ರೂ ಸುಮ್ನೆ ಅಲಂಕಾರಕ್ಕೆ. ಹಳೆಯ ತೂತುಗಳಲ್ಲಿ ಚೂಪಾದ ದಬ್ಬಳ ಚುಚ್ಚಿ ನೋಡುತ್ತಾ ಹೋದೆ. ಗಟ್ಟಿ ಮರ ಎದುರು ಒತ್ತುತ್ತದೆ, ಕೊಳೆತ ಮರ ಸಲೀಸಾಗಿ ಒಳಗೆ ಬಿಡುತ್ತದೆ. ಹಿಂದಿನ ಮೂಲೆಯ ಹತ್ತಿರ ಸ್ವಲ್ಪ ಜಾಗ ಮೆತ್ತಗಿತ್ತು. ಅಲ್ಲಿ ಕೊಳೆತದ್ದನ್ನು ಕೆರೆದು, ಚೆನ್ನಾಗಿ ಒಣಗಲು ಬಿಟ್ಟು, ಎಪಾಕ್ಸಿ (ಕಲಸಿ ಹಾಕಿದ ಮೇಲೆ ಗಟ್ಟಿಯಾಗುವ ಅಂಟು) ತುಂಬಿಸಿದೆ. ಉಳಿದ ಹಳೆಯ ತೂತುಗಳಿಗೂ ಎಪಾಕ್ಸಿಯೇ. ಮರ ಒಣಗುವವರೆಗೆ ಕಾಯಲೇಬೇಕು. ಒಳಗೆ ತೇವ ಉಳಿಸಿ ಮೇಲೆ ಮುಚ್ಚಿದರೆ ಕೊಳೆಯುವುದು ನಿಲ್ಲುವುದಿಲ್ಲ.

ಹೊಸ ರೈಲ್ ತರುವಾಗ ಹುರಿಯ ದಪ್ಪವನ್ನು ಮರೆಯಬೇಡಿ. 6 ಮಿಲಿಮೀಟರ್ ಹುರಿಗೆ ಮಾಡಿದ ರೈಲ್‌ನಲ್ಲಿ 8 ಮಿಲಿಮೀಟರ್ ಹುರಿ ಹೋಗುವುದಿಲ್ಲ. ಉಲ್ಟಾ ಆದರೆ ಇನ್ನೂ ಅಪಾಯ: ಸಡಿಲವಾಗಿ ಕೂತ ಹುರಿ ಗಾಳಿಗೆ ಕಿತ್ತು ಬರುತ್ತದೆ. ನಾನು ಒಂದು ತುಂಡು ಹುರಿಯನ್ನು ಜೇಬಲ್ಲಿಟ್ಟುಕೊಂಡೇ ಹೋಗಿ ರೈಲ್‌ನೊಳಗೆ ಆಡಿಸಿ ನೋಡಿ ತಂದೆ. ಬಾಯಿಯ ಹತ್ತಿರ ರೈಲನ್ನು ತುಸು ಅಗಲಿಸಿ, ಅರದಿಂದ ಉಜ್ಜಿ ಚೂಪು ತೆಗೆದೆ. ಅಲ್ಲಿ ಒಂದು ಸಣ್ಣ ಮುಳ್ಳು ಉಳಿದರೂ ಬಟ್ಟೆ ಹರಿಯುತ್ತದೆ.

ಚಾವಣಿ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ನೀರು ಒಳಗೆ ಇಳಿಯದ ಹಾಗೆ ರೈಲ್‌ನ ಹಿಂಬದಿಗೆ ಉದ್ದಕ್ಕೂ ಬ್ಯುಟೈಲ್ ಟೇಪ್ (ರಬ್ಬರ್‌ನಂಥ ಅಂಟುಪಟ್ಟಿ) ಅಂಟಿಸಿದೆ. ಇಲ್ಲಿ ಸಿಲಿಕೋನ್ ಬಳಿಯಬೇಡಿ. ಸಿಲಿಕೋನ್ ಒಮ್ಮೆ ಹತ್ತಿದ ಜಾಗಕ್ಕೆ ಮುಂದೆ ಬೇರೆ ಯಾವುದೂ ಸರಿಯಾಗಿ ಅಂಟುವುದಿಲ್ಲ, ಹೊಸ ಸಿಲಿಕೋನ್ ಕೂಡ. ಬ್ಯುಟೈಲ್ ಗಟ್ಟಿಯಾಗದೆ ಹಿಟ್ಟಿನ ಹಾಗೆ ಮೆತ್ತಗೇ ಇರುತ್ತದೆ, ಚಾವಣಿ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿದರೂ ಜೊತೆಗೇ ಹೋಗುತ್ತದೆ. ಪ್ಲಾಸ್ಟಿಕ್ ಚಾವಣಿ ಇರುವವರು ಯಾವ ಸೀಲಂಟ್ (ಸಂದು ಮುಚ್ಚುವ ಅಂಟು) ಬಳಸುವ ಮುಂಚೆಯೂ ಅದು ಆ ಪ್ಲಾಸ್ಟಿಕ್‌ಗೆ ಆಗುತ್ತದೆಯೇ ಅಂತ ಡಬ್ಬಿ ಮೇಲೆ ಓದಿಕೊಳ್ಳಿ. ಕೆಲವು ಸೀಲಂಟ್‌ಗಳಲ್ಲಿರುವ ದ್ರಾವಕ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ಸ್ಕ್ರೂ 4.2 ಮಿಲಿಮೀಟರ್‌ನ ಸ್ಟೇನ್‌ಲೆಸ್, ಸುಮಾರು 10 ಸೆಂಟಿಮೀಟರ್‌ಗೆ ಒಂದರಂತೆ. ಹಳೆಯ ತೂತುಗಳ ನಡುವೆ ಹೊಸ ತೂತು ಬರುವ ಹಾಗೆ ಗುರುತು ಹಾಕಿಕೊಂಡು 3 ಮಿಲಿಮೀಟರ್ ಡ್ರಿಲ್‌ನಿಂದ ಕೊರೆದೆ. ಡ್ರಿಲ್ ಬಿಟ್‌ಗೆ ಬೇಕಾದಷ್ಟು ಆಳದಲ್ಲಿ ಟೇಪ್ ಸುತ್ತಿದ್ದೆ, ಅದರಾಚೆ ಹೋಗುವ ಭಯವಿಲ್ಲ. ಸ್ಟೇನ್‌ಲೆಸ್ ಮತ್ತು ಅಲ್ಯುಮಿನಿಯಂ ನೇರ ತಾಗಿ ನಡುವೆ ನೀರು ಸೇರಿದರೆ ಅಲ್ಯುಮಿನಿಯಂ ಸವೆಯುತ್ತದೆ, ಉಪ್ಪುನೀರಾದರೆ ಇನ್ನೂ ಬೇಗ. ಅದಕ್ಕೆ ಪ್ರತಿ ಸ್ಕ್ರೂವಿಗೂ ಚೂರು ಬ್ಯುಟೈಲ್ ಸುತ್ತಿ ಹಾಕಿದೆ. ಬಿಗಿಯುವುದು ಕೈಯಿಂದಲೇ. ಯಂತ್ರ ಹಿಡಿದರೆ ತೆಳು ಮರದ ಎಳೆ ಕಿತ್ತುಹೋಗುತ್ತದೆ. ನಡುವಿನಿಂದ ಎರಡೂ ತುದಿಗೆ ಹೋಗುತ್ತಾ ಮೊದಲು ಅರ್ಧ ಬಿಗಿದೆ. ಸ್ವಲ್ಪ ಹೊತ್ತು ಬಿಟ್ಟಾಗ ಬ್ಯುಟೈಲ್ ಹೊರಗೆ ಉಬ್ಬಿತು, ಮತ್ತೆ ಬಿಗಿದೆ. ಮರುದಿನ ಇನ್ನೊಮ್ಮೆ. ಹೊರಬಂದದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆದೆ. ಉದ್ದಕ್ಕೂ ಒಂದೇ ಸಮನೆ ಬ್ಯುಟೈಲ್ ಹೊರಗೆ ಇಣುಕಿದರೆ ಎಲ್ಲೂ ಸಂದಿಲ್ಲ ಅಂತ ಅರ್ಥ. ಈ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಘಟ್ಟ ಅದೇ.

ಆನಿಂಗ್ ಏರಿಸಲು ಇಬ್ಬರು ಬೇಕು. ರೈಲ್‌ನೊಳಗೆ ಸಿಲಿಕೋನ್ ಸ್ಪ್ರೇ ಹೊಡೆದೆ (ಸ್ಪ್ರೇ ಪರವಾಗಿಲ್ಲ, ಬ್ಯುಟೈಲ್ ಆಗಲೇ ಕೂತಿತ್ತು). ತಮ್ಮ ಚೀಲವನ್ನು ರೈಲ್‌ನ ಬಾಯಿಗೆ ಸಮನಾಗಿ ಹಿಡಿದು ಬಿಡುತ್ತಾ ಬಂದ, ನಾನು ಈ ಕಡೆಯಿಂದ ಎಳೆದೆ. ಓರೆಯಾಗಿ ಎಳೆದರೆ ಹುರಿ ಸಿಕ್ಕಿಕೊಳ್ಳುತ್ತದೆ, ಆಗ ಬಲ ಹಾಕದೆ ಒಂದು ಗೇಣು ಹಿಂದಕ್ಕೆ ತಳ್ಳಿ ಮತ್ತೆ ಎಳೆಯಬೇಕು. ಜಾಗಕ್ಕೆ ಬಂದ ಮೇಲೆ ಎರಡೂ ತುದಿಗೆ ತಡೆಸ್ಕ್ರೂ. ಇದಿಲ್ಲದಿದ್ದರೆ ಗಾಡಿ ಓಡುವಾಗ ಚೀಲ ನಿಧಾನಕ್ಕೆ ಜರುಗುತ್ತದೆ.

ಆಮೇಲೆ ಚಾವಣಿ ಎತ್ತಿ ನೋಡಬೇಕು. ಹಿಡಿ ತಿರುಗಿಸುವಾಗ ಕೈಗೆ ಗೊತ್ತಾಗುವ ಭಾರದ ಜೊತೆಗೆ ನಾಲ್ಕು ಮೂಲೆಗಳಲ್ಲೂ ಪೆಟ್ಟಿಗೆಯಿಂದ ಚಾವಣಿಗೆ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಬರೆದುಕೊಂಡೆ. ಆನಿಂಗ್ ಹಾಕುವ ಮುಂಚೆಯ ಅಂಕಿಗಳೂ ನನ್ನ ಹತ್ತಿರ ಇದ್ದವು. ಎರಡೂ ತಾಳೆಯಾದವು. ಒಂದು ಕಡೆ ಇಳಿದಿದ್ದರೆ ತಂತಿಹಗ್ಗದ ಬಿಗಿ ಸರಿಮಾಡಬೇಕಾಗುತ್ತಿತ್ತು.

ಬಿಚ್ಚುವಾಗ ಬಟ್ಟೆಯ ಓರೆ ಮುಖ್ಯ. ನನ್ನ ರೈಲ್ ನೆಲದಿಂದ 2.3 ಮೀಟರ್ ಎತ್ತರ, ಮುಂದಿನ ಅಂಚು 1.9 ಮೀಟರ್. ಮಳೆ ಮೋಡ ಕಂಡರೆ ಬಾಗಿಲಿನಿಂದ ದೂರದ ಕಂಬವನ್ನು ಇನ್ನೂ ಒಂದು ಗೇಣು ಇಳಿಸುತ್ತೇನೆ. ನೀರೆಲ್ಲ ಆ ಮೂಲೆಗೆ ಹರಿದು ಬೀಳುತ್ತದೆ, ನಡುವೆ ನಿಲ್ಲುವುದಿಲ್ಲ. ನಡುಮಧ್ಯೆ ಒಂದು ಅಡ್ಡತೋಳು ಸೇರಿಸಿದ್ದೇನೆ, ಬಟ್ಟೆ ಜೋಲುವುದು ತಪ್ಪುತ್ತದೆ. ಕಂಬಗಳ ಬುಡಕ್ಕೆ ಗೂಟ, ತಲೆಯಿಂದ ಹಗ್ಗ. ಹಗ್ಗದ ಗೂಟವನ್ನು ಆನಿಂಗ್‌ನಿಂದ ಆಚೆಗೆ ವಾಲಿಸಿ ಹೊಡೆಯುತ್ತೇನೆ. ಎಲೆಗಳು ಅಲ್ಲಾಡುವ ಗಾಳಿಗೆ ಹಗ್ಗ ಸಾಕು. ಸಣ್ಣ ಕೊಂಬೆಗಳೇ ತೂಗತೊಡಗಿದರೆ ಸುತ್ತಿಬಿಡುತ್ತೇನೆ. ರಾತ್ರಿ ಮಲಗುವಾಗ, ಗಾಡಿ ಬಿಟ್ಟು ಸುತ್ತಾಡಲು ಹೋಗುವಾಗ ಆಕಾಶ ಎಷ್ಟೇ ತಿಳಿಯಾಗಿದ್ದರೂ ಸುತ್ತಿಟ್ಟೇ ಹೋಗುತ್ತೇನೆ. ಒದ್ದೆ ಸುತ್ತಿದ ದಿನ ಮನೆಗೆ ಬಂದ ತಕ್ಷಣ ಮತ್ತೆ ಬಿಡಿಸಿ ಒಣಗಿಸುತ್ತೇನೆ.

ಪಕ್ಕಕ್ಕೆ ಕಟ್ಟುವ ಬಟ್ಟೆ ಗೋಡೆಗಳೂ ಸಿಗುತ್ತವೆ, ಆನಿಂಗ್ ಒಂದು ಕೋಣೆಯೇ ಆಗುತ್ತದೆ. ಆದರೆ ಅವನ್ನು ಕಟ್ಟಿದರೆ ಗಾಳಿ ಹಿಡಿಯುವ ಬಟ್ಟೆ ಇನ್ನಷ್ಟು ಜಾಸ್ತಿ. ಆ ಎಳೆತವೂ ಅದೇ ರೈಲ್‌ಗೆ ಬರುತ್ತದೆ ಅಲ್ವಾ, ಅದಕ್ಕೆ ನಾನು ಅವನ್ನು ತಗೊಂಡಿಲ್ಲ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಮುಂದಿನ ಅಂಚಿಗೆ ಒಂದು ಜಾಲರಿ ಪರದೆ ಇಳಿಬಿಡುತ್ತೇನೆ. ಗಾಳಿ ಅದರೊಳಗಿಂದ ಹಾದುಹೋಗುತ್ತದೆ, ಕಣ್ಣಿಗೆ ಬಿಸಿಲೂ ಹೊಡೆಯುವುದಿಲ್ಲ.