ಬಸ್ಸಲ್ಲಿ ಬಿದ್ದು ಕೈ ಮುರಿದ ಮೇಲೆ ಕ್ಲೇಮ್ ಮಾಡಿದ್ದು ಹೇಗೆ: ನನ್ನ ಅನುಭವ

2022ರ ಜುಲೈ, ಜೋರು ಮಳೆ. ನಾನು ಬ್ಲೌಸ್ ಹೊಲಿಯುವವಳು, ಕಾಪುವಿಂದ ಉಡುಪಿಗೆ ಲೈನಿಂಗ್ ಬಟ್ಟೆ ತರ್ಲಿಕ್ಕೆ ಹೊರಟದ್ದು. ಕಟಪಾಡಿಲಿ ನಾಲ್ಕು ಜನ ಇಳಿದ್ರು, ಖಾಲಿಯಾದ ಸೀಟಿಗೆ ಹೋಗುವ ಅಂತ ರಾಡ್ ಬಿಟ್ಟೆ ಅಷ್ಟೇ, ಕಂಡಕ್ಟರ್ "ರೈಟ್ ಪೋಯಿ" ಅಂದ, ಡ್ರೈವರಿಗೆ ಹಿಂದಿನ ಬಸ್ಸಿನ ತಲೆಬಿಸಿ, ಒಮ್ಮೆಲೇ ಎಳೆದು ಎದುರು ರಿಕ್ಷಾ ಬಂತು ಅಂತ ಅಷ್ಟೇ ಜೋರಲ್ಲಿ ಬ್ರೇಕ್ ಹಾಕಿದ. ಬಲಗೈ ಊರಿ ಬಿದ್ದೆ, ಮಣಿಕಟ್ಟು ಮುರಿಯಿತು.

ಆಸ್ಪತ್ರೆಗೆ ಕರ್ಕೊಂಡು ಹೋದದ್ದು ಕಂಡಕ್ಟರೇ, ಅದು ಒಳ್ಳೆದೇ. ಆದ್ರೆ ಅಲ್ಲಿ "ಜಾರಿ ಬಿದ್ರು" ಅಂತ ಹೇಳಿಬಿಟ್ಟ. "ಕೇಸೆಲ್ಲ ಎಂತಕ್ಕೆ ಅಕ್ಕ, ಮಾಲಕರು ಖರ್ಚು ಕೊಡ್ತಾರೆ" ಅಂದ. ಮಾಲಕರು ಒಂದು ಬಿಲ್ ಕೊಟ್ಟ ಮೇಲೆ ಫೋನೇ ಎತ್ಲಿಲ್ಲ. ಆಮೇಲೆ ಚೀಟಿ ನೋಡ್ತೇನೆ, ಅದ್ರಲ್ಲಿ ಬಸ್ಸಿನ ಹೆಸರೇ ಇಲ್ಲ ಮಾರಾಯ್ರೆ! ಡಾಕ್ಟ್ರ ಹತ್ರ ಹೋಗಿ ನಡೆದದ್ದು ಹೇಳಿ, ಬಸ್ಸಿನ ವಿಷಯ ಸೇರಿಸಿ ಬರೆಸಿ, ಪೊಲೀಸರಿಗೆ ತಿಳಿಸ್ಬೇಕಾದ ಕೇಸು ಅಂತ ಆಸ್ಪತ್ರೆಲಿ ದಾಖಲಿಸುವ ಎಂಎಲ್‌ಸಿ ಮಾಡಿಸಿದೆ. ಠಾಣೆಗೆ ಹೋದದ್ದು ನಾಲ್ಕನೇ ದಿನ. ಯಾಕೆ ತಡ ಆಯ್ತು ಅನ್ನುವುದನ್ನು ದೂರಲ್ಲೇ ಬರೆಸಿದೆ, ಇಲ್ಲದಿದ್ರೆ ಇನ್ಶೂರೆನ್ಸ್ ವಕೀಲರು ಅದನ್ನೇ ಹಿಡ್ಕೊಳ್ತಾರೆ. ನಂಗೂ ಕೋರ್ಟಲ್ಲಿ ಕೇಳಿದ್ದು ಅದೇ, "ಮನೆಲಿ ಬಿದ್ದದ್ದಲ್ವಾ?" ಅಂತ. ಉಳಿಸಿದ್ದು ಟಿಕೆಟಿನ ಫೋಟೋ. ಆ ಕಾಗದದ ಅಕ್ಷರ ಎರಡು ತಿಂಗಳಲ್ಲಿ ಮಾಸಿಹೋಗಿತ್ತು, ಮಗಳು ಅವತ್ತೇ ಮೊಬೈಲಲ್ಲಿ ತೆಗೆದಿಟ್ಟಿದ್ದಳು.

ಕ್ಲೇಮ್ ಅರ್ಜಿ ಹಾಕುವುದು ಮೋಟಾರು ಅಪಘಾತ ನ್ಯಾಯಮಂಡಳಿಗೆ, ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನಲ್ಲಿ. ಆಕ್ಸಿಡೆಂಟ್ ಎಲ್ಲೇ ಆಗ್ಲಿ, ನೀವಿರುವ ಊರಿನ ಮಂಡಳಿಲೂ ಹಾಕ್ಬಹುದು. 2022 ಏಪ್ರಿಲ್ 1ರಿಂದ ಕಾಯ್ದೆಲಿ ಆರು ತಿಂಗಳ ಗಡುವು ಉಂಟು, ನಾನು ಐದನೇ ತಿಂಗಳಲ್ಲಿ ಹಾಕಿದ್ದು. ಹೆಂಗಸರಿಗೆ ಆದಾಯ ಎಷ್ಟಿದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ, ನಂಗೆ ಹಾಗೇ ಸಿಕ್ಕಿದ್ದು. ಆಸ್ಪತ್ರೆ ಬಾಗಿಲಲ್ಲೇ ಒಬ್ಬ "ಇಷ್ಟು ಪರ್ಸೆಂಟ್ ಕೊಡಿ, ಎಲ್ಲ ನಾವು ನೋಡ್ತೇವೆ" ಅಂತ ಬಂದಿದ್ದ, ಹಾಗೆ ಪರ್ಸೆಂಟ್ ಲೆಕ್ಕದಲ್ಲಿ ಫೀಸ್ ತಗೊಳ್ಳಿಕ್ಕೆ ವಕೀಲರಿಗೆ ನಿಯಮದಲ್ಲೇ ಇಲ್ಲ. ಎರಡು ಗಾಡಿ ಗುದ್ದಿದ ಕೇಸಾದ್ರೆ ಯಾರ ತಪ್ಪು ಎಷ್ಟು ಅಂತ ಪ್ರಯಾಣಿಕರು ತಲೆಕೆಡಿಸ್ಕೊಳ್ಬೇಡಿ, ಪೂರ್ತಿ ದುಡ್ಡು ಯಾವುದಾದ್ರೂ ಒಬ್ಬರ ಹತ್ರ ಕೇಳ್ಬಹುದು.

ನಿಜವಾದ ಜಗಳ ಇದ್ದದ್ದು ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅನ್ನುವುದರಲ್ಲಿ. ಕೈಗೆ 30 ಅಂದ್ರು ಡಾಕ್ಟ್ರು, ಇಡೀ ದೇಹಕ್ಕೆ ಅದ್ರ ಮೂರರಲ್ಲೊಂದು ಪಾಲು, ಅಂದ್ರೆ 10 ಸಾಕು ಅಂದ್ರು ಇನ್ಶೂರೆನ್ಸಿನವರು. ಗಾಯಕ್ಕಿಂತ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅಂತ ನೋಡ್ಬೇಕು ಅಂತ 2011ರಲ್ಲಿ ರಾಜ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದುಂಟು, ನಮ್ಮ ವಕೀಲರು ಅದನ್ನೇ ಹಿಡಿದ್ರು. ಕತ್ತರಿ ಹಿಡಿದ್ರೆ ಹೆಬ್ಬೆರಳು ಹೇಗೆ ನಡುಗ್ತದೆ ಅಂತ ನಾನು ಕಟಕಟೆಲಿ ತೋರಿಸಿದೆ. 15 ಆಯ್ತು. ನನ್ನ ಆದಾಯ ತಿಂಗಳಿಗೆ 15,000 ಅಂತ ಹಿಡಿದ್ರು, ವಯಸ್ಸು 42 ಆದ್ರಿಂದ ಗುಣಕ (ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸ್ಬೇಕು ಅನ್ನುವ ಸಂಖ್ಯೆ) 14, ಅದ್ರ 15 ಪರ್ಸೆಂಟ್, ಹೀಗೆ ಅದೊಂದರಲ್ಲೇ 3,78,000. ಆಸ್ಪತ್ರೆ ಬಿಲ್, ನೋವಿಗೆ, ಕೆಲಸ ಇಲ್ಲದ ಮೂರು ತಿಂಗಳಿಗೆ ಬೇರೆ, ಮೇಲೆ ಅರ್ಜಿ ಹಾಕಿದ ದಿನದಿಂದ 6 ಪರ್ಸೆಂಟ್ ಬಡ್ಡಿ.

ತೀರ್ಪು ಬಂದದ್ದು 2024ರಲ್ಲಿ. ಅರ್ಧ ದುಡ್ಡು ಎಫ್‌ಡಿ ಮಾಡ್ಲಿಕ್ಕೆ ಮಂಡಳಿಯೇ ಹೇಳಿತು, ಉಳಿದದ್ದರಲ್ಲಿ ಆಪರೇಶನ್ನಿನ ಸಾಲ ತೀರಿಸಿದೆ. ಹೆಮ್ಮಿಂಗ್ ಈಗ ಪಕ್ಕದ ಮನೆ ಹುಡುಗಿ ಮಾಡ್ತಾಳೆ, ಒಂದು ಬ್ಲೌಸಿಗೆ 40 ರೂಪಾಯಿ.