ಲಿಂಫೋಮಾ ಇರುವವರಿಗೆ ಎಆರ್‌ಟಿ: ಐರಿಸ್ ಬರುವುದನ್ನು ಮೊದಲೇ ಊಹಿಸುವುದು ಹೇಗೆ?

ಎಚ್‌ಐವಿ ಜೊತೆಗೆ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇರುವವರಲ್ಲಿ ಎಆರ್‌ಟಿ, ಅಂದರೆ ಎಚ್‌ಐವಿ ಅಡಗಿಸುವ ಔಷಧಿ, ಶುರುವಾಗಿ ರೋಗನಿರೋಧಕ ಶಕ್ತಿ ಮರಳಿದಾಗ, ಮೈಯಲ್ಲಿ ಅಡಗಿದ್ದ ಸೋಂಕಿನ ಮೇಲೆ ಅದು ಒಮ್ಮೆಲೇ ಎರಗುತ್ತದೆ. ಜ್ವರ, ಗಂಟುಗಳ ಊತ, ಏದುಸಿರು. ಇದೇ ಐರಿಸ್, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ ಬರುತ್ತದೆ. ಊಹಿಸುವ ಕೆಲಸ ಬಹುಪಾಲು ಮುಗಿಯಬೇಕಾದದ್ದು ಮೊದಲ ಮಾತ್ರೆಗೆ ಮುಂಚೆಯೇ.

ಸಿಡಿ4 (ಎಚ್‌ಐವಿ ನಾಶಮಾಡುವ ರೋಗನಿರೋಧಕ ಕಣಗಳ ಎಣಿಕೆ) ಪರೀಕ್ಷೆಯನ್ನು ಕೀಮೋಗೆ ಮೊದಲೇ ಮಾಡಿಸಿ. ಸಿಡಿ4 ಕಣಗಳು ಸೇರಿದಂತೆ ಎಲ್ಲ ಲಿಂಫೋಸೈಟ್‌ಗಳನ್ನೂ (ಒಂದು ಬಗೆಯ ಬಿಳಿ ರಕ್ತಕಣ) ಕೀಮೋ ಇಳಿಸುವುದರಿಂದ ಆಮೇಲೆ ಬರೀ ಸಂಖ್ಯೆ ನಂಬಿದರೆ ಮೋಸಹೋಗುತ್ತೀರಿ, ಶೇಕಡಾವಾರನ್ನೂ ನೋಡಿ. ಸಿಡಿ4 50ಕ್ಕಿಂತ ಕಡಿಮೆ, ವೈರಲ್ ಲೋಡ್ (ರಕ್ತದಲ್ಲಿರುವ ಎಚ್‌ಐವಿ ಪ್ರಮಾಣ) ಲಕ್ಷ ದಾಟಿದೆ ಎಂದರೆ ಅಪಾಯ ಹೆಚ್ಚು. ಸಿಡಿ4 200ಕ್ಕಿಂತ ಕೆಳಗಿದ್ದರೆ ರಕ್ತದಲ್ಲಿ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರದ ಆ್ಯಂಟಿಜೆನ್ (ಅದರ ಗುರುತು) ಹುಡುಕಿ. ಪಾಸಿಟಿವ್ ಬಂದರೆ ಬೆನ್ನುಹುರಿಯ ನೀರನ್ನೂ ಪರೀಕ್ಷಿಸಿ. ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಖಚಿತವಾದರೆ ಎಆರ್‌ಟಿ 4ರಿಂದ 6 ವಾರ ಮುಂದಕ್ಕೆ ಹೋಗುತ್ತದೆ.

ನಮ್ಮಲ್ಲಿ ದೊಡ್ಡ ಶತ್ರು ಕ್ಷಯ. ಗಂಟಿನ ಬಯಾಪ್ಸಿ ತುಣುಕನ್ನೆಲ್ಲ ಫಾರ್ಮಲಿನ್‌ಗೆ (ತುಣುಕು ಕೆಡದಂತೆ ಇಡುವ ದ್ರವ) ಹಾಕಿಬಿಡುವುದು ಆಗಾಗ ಆಗುವ ತಪ್ಪು. ಅದರಲ್ಲಿಟ್ಟ ತುಣುಕಿನಿಂದ ಕಲ್ಚರ್ (ಲ್ಯಾಬ್‌ನಲ್ಲಿ ರೋಗಾಣು ಬೆಳೆಸುವ ಪರೀಕ್ಷೆ) ಬೆಳೆಯುವುದಿಲ್ಲ. ಒಂದು ತುಣುಕನ್ನು ಸಲೈನ್‌ನಲ್ಲಿಟ್ಟು ಸಿಬಿನಾಟ್ (ಕ್ಷಯದ ಜೀನ್ ಪರೀಕ್ಷೆ), ಕಲ್ಚರ್ ಎರಡಕ್ಕೂ ಕಳಿಸಿ. ಲಿಂಫೋಮಾ ಸಿಕ್ಕಿತೆಂದು ಕ್ಷಯ ಇಲ್ಲವೆಂದಾಗದು, ಎರಡೂ ಒಟ್ಟಿಗೆ ಇರಬಹುದು. ಹೆಪಟೈಟಿಸ್ ಬಿ ಪರೀಕ್ಷೆಯೂ ಬೇಕು, ಅದರಲ್ಲೂ ಲಿಂಫೋಮಾಗೆ ಕೊಡುವ ರಿಟುಕ್ಸಿಮಾಬ್ ಔಷಧಿ ಕೊಡುವುದಿದ್ದರೆ.

ಎಆರ್‌ಟಿ ಶುರುವಾದ ದಿನ, ಕೀಮೋ ದಿನ ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತಿಸಿ. ಚಾಪ್ ಕೀಮೋದಲ್ಲಿ (ಲಿಂಫೋಮಾಗೆ ಕೊಡುವ ನಾಲ್ಕು ಔಷಧಿಗಳ ಜೋಡಣೆ) ಪ್ರತಿ ಸುತ್ತಿನ ಮೊದಲ ಐದು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 100 ಮಿಲಿಗ್ರಾಂ ಇರುತ್ತದೆ. ಅದು ಐರಿಸ್ ಅನ್ನು ಅದುಮಿಡಬಹುದು. ನಿಂತ ಮೇಲೆ ಜ್ವರ ತಲೆಯೆತ್ತಬಹುದು. ಆದರೆ ನ್ಯೂಟ್ರೋಫಿಲ್ (ಬ್ಯಾಕ್ಟೀರಿಯಾ ಎದುರಿಸುವ ಬಿಳಿ ರಕ್ತಕಣ) ಕುಸಿಯುವುದೂ ಕೀಮೋದ ಸರಿಸುಮಾರು 7ರಿಂದ 14ನೇ ದಿನದಲ್ಲೇ. ಜ್ವರ ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್ ದಾಟಿ, ಅಥವಾ ಒಂದು ಗಂಟೆ 38 ಇಲ್ಲವೇ ಅದಕ್ಕಿಂತ ಮೇಲೆ ನಿಂತು, ಜೊತೆಗೆ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿದ್ದರೆ, ಬ್ಲಡ್ ಕಲ್ಚರ್ ತೆಗೆದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಡಿ. ಐರಿಸ್ ಎಂಬ ಹಣೆಪಟ್ಟಿ ಆಮೇಲೆ.

ಆ ಹಣೆಪಟ್ಟಿಗೆ ಬಲ ಬರುವುದು ವೈರಲ್ ಲೋಡ್ ಹತ್ತು ಪಟ್ಟಾದರೂ ಇಳಿದಿದ್ದರೆ. ಇಳಿಯದಿದ್ದರೆ ಮಾತ್ರೆ ತಪ್ಪಿದೆಯೇ ಎಂದು ಕೇಳಿ. ಕ್ಷಯದ ಔಷಧಿ ರಿಫಾಂಪಿಸಿನ್ ಜೊತೆ ಎಆರ್‌ಟಿಯ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ದಿನಕ್ಕೆರಡು ಬಾರಿ ಬೇಕು; ಒಂದೇ ಬಾರಿ ಕೊಟ್ಟಿರುವುದೂ ಉಂಟು.

ಐರಿಸ್ ಬಂತೆಂದು ಎಆರ್‌ಟಿ ನಿಲ್ಲಿಸಬೇಡಿ. ಜೀವಕ್ಕೇ ಅಪಾಯವಿದ್ದಾಗ ತಜ್ಞರು ನಿರ್ಧರಿಸಲಿ. ಗಂಟು ಮತ್ತೆ ಬೆಳೆದರೆ ಲಿಂಫೋಮಾ ಮರಳಿರಲೂಬಹುದು. ಐರಿಸ್ ಎಂದು ಸ್ಟೀರಾಯ್ಡ್ ಮೊದಲು ಕೊಟ್ಟರೆ ಬಯಾಪ್ಸಿಯಲ್ಲಿ ಅದು ಮರೆಯಾಗಬಹುದು, ಹಾಗಾಗಿ ಬಯಾಪ್ಸಿ ಮೊದಲು. ಎಚ್‌ಐವಿ ಇರುವವರಲ್ಲಿ ಬರುವ ಇನ್ನೊಂದು ಕ್ಯಾನ್ಸರ್ ಕಪೋಸಿ ಸಾರ್ಕೋಮಾ ನಮ್ಮಲ್ಲಿ ಅಪರೂಪ. ಇದ್ದರೆ ಸ್ಟೀರಾಯ್ಡ್‌ನಿಂದ ಅದು ಉಲ್ಬಣಿಸುತ್ತದೆ.