ಫೋನಲ್ಲಿ ಕಾಣೋ ಮೈಕಟ್ಟು ನೋಡಿ ನಮ್ಮ ಮೈ ಮೇಲೆ ನಮಗೇ ಬೇಜಾರು ಬರದಂಗೆ ನೋಡ್ಕೊಳ್ಳೋದು ಹೇಗೆ

"ಅದೆಲ್ಲಾ ಎಡಿಟ್ ಮಾಡಿರೋ ಫೋಟೋ ಕಣೇ" ಅಂತ ಗೊತ್ತಿದ್ರೆ ಮನಸ್ಸಿಗೆ ತಟ್ಟಲ್ಲ ಅಂತ ತುಂಬಾ ಜನ ಅನ್ಕೊಂಡಿರ್ತಾರೆ, ಆದ್ರೆ ಹಂಗಾಗಲ್ಲ. ಮಾಡೆಲ್ ಮೈಯನ್ನ ತಿದ್ದಿ ಸಣ್ಣ ಮಾಡಿರೋ ಜಾಹೀರಾತಲ್ಲಿ ಹಾಗಂತ ಬರೀಲೇಬೇಕು ಅಂತ ಫ್ರಾನ್ಸಲ್ಲಿ 2017ರಿಂದ ರೂಲ್ ಇದೆ, 2022ರಲ್ಲಿ ನಾರ್ವೆನಲ್ಲೂ ಅಂಥದ್ದೇ ಬಂತು, ಆದ್ರೂ ಈ ಥರ ಲೇಬಲ್ ಹಾಕಿ ತೋರ್ಸಿದ ಎಷ್ಟೋ ಸ್ಟಡಿಗಳಲ್ಲಿ ನೋಡಿದ ಹೆಂಗಸರ ಬೇಜಾರು ಕಮ್ಮಿ ಆಗಿಲ್ಲ. ಬುದ್ಧಿ ಸುಳ್ಳು ಅನ್ನೋಷ್ಟರಲ್ಲಿ ಕಣ್ಣು ಹೋಲಿಸಿ ಮುಗಿಸಿರುತ್ತೆ. ಹಾಗಾಗಿ ಕಣ್ಣಿಗೆ ಬೀಳೋದನ್ನೇ ಬದಲಾಯಿಸ್ಬೇಕು.

ಫಿಜಿ ಅನ್ನೋ ದ್ವೀಪ ದೇಶದಲ್ಲಿ ಮೈಕೈ ತುಂಬ್ಕೊಂಡಿದ್ರೇನೇ ಚೆಂದ ಅಂತಿದ್ರು, ಅಲ್ಲಿನ ಒಂದು ಭಾಗಕ್ಕೆ 1995ರಲ್ಲಿ ಟಿವಿ ಬಂತು. ಆನ್ ಬೆಕರ್ ಅನ್ನೋ ಸಂಶೋಧಕಿ ಆಗ ವಿಚಾರಿಸ್ದಾಗ ತೂಕ ಇಳಿಸೋಕೆ ಬೇಕಂತ ವಾಂತಿ ಮಾಡ್ಕೊಳ್ತೀನಿ ಅಂದ ಹುಡುಗಿ ಒಬ್ಬಳೂ ಇರ್ಲಿಲ್ಲ, 1998ರಲ್ಲಿ ಕೇಳಿದ್ರೆ ನೂರಕ್ಕೆ ಸುಮಾರು 11 ಹುಡುಗೀರು ಹೌದು ಅಂದ್ರು. ಬರೀ ಟಿವಿಗೇ ಹೀಗಾದ್ರೆ ದಿನವಿಡೀ ಕೈಯಲ್ಲಿರೋ ಫೋನ್ ಕಥೆ ಏನು!

ಮೊದ್ಲು, ಸ್ಕ್ರೋಲ್ ಮಾಡಿ ಫೋನ್ ಇಟ್ಟ ತಕ್ಷಣ ಕನ್ನಡಿ ನೋಡ್ಬೇಕು, ಹೊಟ್ಟೆ ಒಳಗೆಳ್ಕೋಬೇಕು ಅನ್ಸಿದ್ರೆ ಯಾವ ಅಕೌಂಟ್ ನೋಡಿದ್ಮೇಲೆ ಹಾಗಾಯ್ತು ಅಂತ ಗುರುತು ಮಾಡ್ಕೊಳ್ಳಿ. ಹೀರೋಯಿನ್‌ಗಳದ್ದೇ ಆಗಿರ್ಬೇಕು ಅಂತೇನಿಲ್ಲ, "ಹೆಲ್ತ್" ಹೆಸರಲ್ಲಿ ಬರೋ ಫಿಟ್‌ನೆಸ್ ಅಕೌಂಟು, ಬಿಫೋರ್ ಆಫ್ಟರ್ ಫೋಟೋ, ಎಷ್ಟೋ ಸಲ ನಮ್ಮ ಫ್ರೆಂಡ್ ಹಾಕಿರೋ ಫೋಟೋನೇ ಜಾಸ್ತಿ ಚುಚ್ಚುತ್ತೆ, ಯಾಕಂದ್ರೆ ನಾವು ಹೋಲಿಸ್ಕೊಳ್ಳೋದು ನಮ್ಮಂಥೋರ ಜೊತೆ. ಅನ್‌ಫಾಲೋ ಮಾಡೋಕೆ ಸಂಕೋಚ ಆದ್ರೆ ಮ್ಯೂಟ್ ಮಾಡಿ, ಅವರಿಗೆ ಗೊತ್ತಾಗಲ್ಲ. ಸಜೆಸ್ಟ್ ಆಗಿ ಬರೋದಕ್ಕೆ "ನಾಟ್ ಇಂಟರೆಸ್ಟೆಡ್" ಒತ್ತಿ. ಬೈಯೋಕೇ ಅಂತಾನೂ ನಿಂತು ನೋಡ್ಬೇಡಿ, ಎಷ್ಟು ಹೊತ್ತು ನೋಡಿದ್ರಿ ಅನ್ನೋದೇ ಆ್ಯಪ್‌ಗೆ ಲೆಕ್ಕ, ನಿಮ್ಮ ಕೋಪ ಅದಕ್ಕೆ ಗೊತ್ತಾಗಲ್ಲ.

ಸೆಲ್ಫಿ ನೋಡಿ ಮೂಗು ದಪ್ಪ ಅಂತ ಕೊರಗೋರಿಗೆ ಒಂದು ಮಾತು, 30 ಸೆಂ.ಮೀ. ದೂರದಿಂದ ತೆಗೆದ್ರೆ ಒಂದೂವರೆ ಮೀಟರ್‌ನಿಂದ ತೆಗೆದಿದ್ದಕ್ಕಿಂತ ಮೂಗು ಸುಮಾರು 30% ಅಗಲ ಕಾಣುತ್ತೆ. ಟೈಮರ್ ಹಾಕಿ ದೂರ ಇಟ್ಟು ತೆಗೀರಿ, ಬ್ಯೂಟಿ ಮೋಡ್ ತಾನಾಗೇ ಆನ್ ಇದ್ಯಾ ಅಂತಾನೂ ನೋಡಿ.

ಮನೇಲಿ ಮಗಳಿದ್ರೆ ಅವಳೆದುರು "ಅಯ್ಯೋ ಎಷ್ಟು ದಪ್ಪ ಆಗ್ಬಿಟ್ಟೆ ನಾನು" ಅನ್ನೋದೂ ನಿಲ್ಲಿಸಿ.

ಊಟ ಬಿಡೋದು, ತಿಂದ್ಮೇಲೆ ವಾಂತಿ ಮಾಡ್ಕೊಳ್ಳೋದು, ಪೀರಿಯಡ್ಸ್ ನಿಂತ್ಹೋಗೋದು ಇದ್ರೆ ಮ್ಯೂಟ್ ಗೀಟ್ ಸಾಕಾಗಲ್ಲ, ಬೇಗ ಡಾಕ್ಟರ್ ಹತ್ರ ಹೋಗಿ, ನಾಚ್ಕೊಂಡು ಮುಚ್ಚಿಡ್ದೆ ಎಲ್ಲಾ ಹೇಳಿ.